ಎತ್ತು ಹೂಡದ ಸೋಮವಾರ

ವಸ್ತಿ ಬಸ್ಸು ಅಂದರೇನು ಎಂದು ಈಗಿನವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಸಂಜೆಯ ಕೊನೆಯ ಬಸ್ಸು ತಾಲ್ಲೂಕಿನ ಊರಿನಿಂದ ಹೊರಟು ಹಳ್ಳಿ ಮುಟ್ಟುತ್ತದೆ, ರಾತ್ರಿ ಅಲ್ಲೇ ನಿಲ್ಲುತ್ತದೆ, ಬೆಳಿಗ್ಗೆ ಕಾಲೇಜಿನ ಹುಡುಗರನ್ನೂ ಹಾಲಿನ ಕ್ಯಾನುಗಳನ್ನೂ ಕೋರ್ಟಿಗೆ ಅಲೆಯುವವರನ್ನೂ ತುಂಬಿಕೊಂಡು ವಾಪಸ್ಸಾಗುತ್ತದೆ. ಬಸ್ಸಿನ ಸಂಗಡ ಡ್ರೈವರ್, ಕಂಡಕ್ಟರ್ ಇಬ್ಬರೂ ಅಲ್ಲೇ ವಸ್ತಿ. ನಾನು ಬೈಲಹೊಂಗಲದಿಂದ ದೊಡವಾಡದ ಆಚೆಗಿನ ಒಂದು ಹಳ್ಳಿಗೆ ಇಂಥ ಬಸ್ಸನ್ನು ಬಹಳ ವರ್ಷ ಓಡಿಸಿದೆ. ಹಳ್ಳಿಯ ಹೆಸರು ಬರೆಯುವುದಿಲ್ಲ. ಬರೆದರೆ ಆ ಊರಿನವರು ಮನೆಗೆ ಬಂದು ಜಗಳ ತೆಗೆಯುತ್ತಾರೆ, ಬಂದವರಿಗೆ ಚಹಾ ಕಾಸಬೇಕಾದವಳು ನನ್ನ ಹೆಂಡತಿ. "ನಿಮ್ಮ ಖರೇ ಸಂಸಾರ ಆ ಊರಾಗ ಐತಿ, ಇಲ್ಲಿಗೆ ಅರಿವಿ ಒಗಸಾಕ ಅಷ್ಟ ಬರ್ತೀರಿ" ಎಂದು ಅವಳು ಆಗ ಅನ್ನುತ್ತಿದ್ದಳು.

ಅವಳ ಮಾತು ಪೂರ್ತಿ ಸುಳ್ಳೂ ಅಲ್ಲ. ವಸ್ತಿ ಬಸ್ಸಿನವರಿಗೆ ಊಟ ಹಾಕುವುದು ಆ ಊರಿನ ಪದ್ಧತಿ. ವಾರಕ್ಕೊಂದು ಮನೆಯ ಪಾಳಿ. ರೊಟ್ಟಿ, ಪುಂಡಿಪಲ್ಲೆ, ಮೇಲೆ ಗಟ್ಟಿ ಮೊಸರು. ಬೇಡ ಎಂದರೆ ಬೈಸಿಕೊಳ್ಳಬೇಕು. ಆ ಮನೆಗಳ ಮಕ್ಕಳ ಹೆಸರು, ಎಮ್ಮೆಗಳ ಗಬ್ಬ, ಅತ್ತೆ ಸೊಸೆಯರ ಮುನಿಸು ಎಲ್ಲ ನನಗೆ ಗೊತ್ತಿತ್ತು. ನಾನು ಹೇಳಲಿರುವ ಆ ವಾರದ ಪಾಳಿ ಊರಿನ ಒಬ್ಬ ಹಿರಿಯರದು. ಎಪ್ಪತ್ತರ ಆಸುಪಾಸಿನ ಒಕ್ಕಲುಮಗ. ಸುತ್ತಲಿನಲ್ಲೆಲ್ಲ ಹೆಸರಾದ ಎತ್ತಿನ ಜೋಡಿ ಅವರದು. ಮಾತು ಕಡಿಮೆ, ಹಟ ಜಾಸ್ತಿ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನನ್ನ ಜೊತೆಗಿದ್ದ ಕಂಡಕ್ಟರ್ ರಾಮದುರ್ಗದ ಕಡೆಯವನು, ನೇಕಾರರ ಮನೆಯವನು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತೇ ಪರೀಕ್ಷೆಗಳಿಗೆ ಓದಿ, ಮೂವತ್ತು ದಾಟುವ ಹೊತ್ತಿಗೆ ಈ ನೌಕರಿ ಹಿಡಿದಿದ್ದ. ಬೈಲಹೊಂಗಲದಲ್ಲಿ ಒಂದು ಬಾಡಿಗೆ ಕೋಣೆ, ಅದರಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಆದರೆ ಅವನಿನ್ನೂ ತರಬೇತಿಯವನು, ಅಂದರೆ ಟ್ರೇನಿ. ಕೆಲಸ ನಮ್ಮಷ್ಟೇ, ಬೈಗುಳ ನಮಗಿಂತ ಹೆಚ್ಚು, ಹಕ್ಕು ಮಾತ್ರ ಏನೂ ಇಲ್ಲ. ನನ್ನಂಥ ಕಾಯಂ ನೌಕರನನ್ನು ತೆಗೆಯಬೇಕಾದರೆ ಆರೋಪಪಟ್ಟಿ, ವಿಚಾರಣೆ, ಮೇಲ್ಮನವಿ ಎಂದು ವರ್ಷ ಹಿಡಿಯುತ್ತದೆ. ಅವನನ್ನು ತೆಗೆಯಲು ಒಂದು ಹಾಳೆ ಸಾಕು. ಅವನು ಕಾಯಂ ಆಗಲು ಕೆಲವೇ ತಿಂಗಳು ಉಳಿದಿದ್ದವು. ಹಿರಿಯ ಮಗಳನ್ನು ಆಮೇಲೆ ಒಳ್ಳೆಯ ಸಾಲೆಗೆ ಹಾಕುತ್ತೇನೆ, ಅವ್ವನನ್ನು ರಾಮದುರ್ಗದಿಂದ ಕರೆಸಿಕೊಳ್ಳುತ್ತೇನೆ ಎನ್ನುತ್ತಿದ್ದ. ಅವನ ಎಲ್ಲ ಮಾತೂ "ಕಾಯಂ ಆದ ಮ್ಯಾಲ" ಎಂದೇ ಶುರುವಾಗುತ್ತಿತ್ತು.

ಇನ್ನೊಂದು ಸಂಗತಿ ಹೇಳಿಬಿಡಬೇಕು. ಆಗಿನ ನಮ್ಮ ಬಸ್ಸಿನ ಸೂರಿನುದ್ದಕ್ಕೂ ಒಂದು ಹಗ್ಗ ಕಟ್ಟಿರುತ್ತಿತ್ತು. ಕಂಡಕ್ಟರ್ ಅದನ್ನು ಎಳೆದರೆ ಡ್ರೈವರನ ತಲೆಯ ಹತ್ತಿರ ಗಂಟೆ ಬಾರಿಸುತ್ತದೆ. ಒಂದು ಸಲ ಬಾರಿಸಿದರೆ ನಿಲ್ಲಿಸು, ಎರಡು ಸಲ ಬಾರಿಸಿದರೆ ಹೊರಡು. ಎರಡು ಗಂಟೆ ಬೀಳದೆ ಡ್ರೈವರ್ ಬಸ್ಸು ಕದಲಿಸಬಾರದು. ಹಿಂದೆ ಯಾರು ಹತ್ತುತ್ತಿದ್ದಾರೆ, ಯಾವ ಮುದುಕಿಯ ಕಾಲು ಮೆಟ್ಟಿಲ ಮೇಲಿದೆ ಎಂಬುದು ಕಂಡಕ್ಟರನಿಗೆ ಗೊತ್ತು, ನನಗಲ್ಲ. ನನ್ನ ಕಿವಿಗೆ ಇದು ಎಷ್ಟು ಒಗ್ಗಿಹೋಗಿತ್ತೆಂದರೆ ಮನೆಯಲ್ಲಿ ಮೊಮ್ಮಗು ತಾಟು ಬಡಿದರೂ ಬಲಗಾಲು ತಾನಾಗಿ ಅದುಮುತ್ತಿತ್ತು.

ಆ ವರ್ಷ ಮುಷ್ಕರದ ಮಾತು ಬಂತು. ನಮ್ಮ ಕಡೆ ಸಂಪು ಅನ್ನುತ್ತೇವೆ. ಬೇಡಿಕೆಗಳಲ್ಲಿ ಮೊದಲನೆಯದೇ ತರಬೇತಿಯ ಹೆಸರಿನಲ್ಲಿ ಜನರನ್ನು ವರ್ಷಗಟ್ಟಲೆ ದುಡಿಸಬಾರದು ಎಂಬುದು. ನಾನು ಯೂನಿಯನ್ನಿನ ಹಳೆಯ ಮನುಷ್ಯ. ಸಭೆಯಲ್ಲಿ ಎದ್ದು ನಿಂತು ಜೋರಾಗಿ ಕೂಗುವವರಲ್ಲಿ ನನ್ನ ಗಂಟಲೂ ಒಂದು. ಬಸ್ಸು ಸಾರ್ವಜನಿಕ ಸೇವೆ ಆದ್ದರಿಂದ ಮನಸ್ಸು ಬಂದಾಗ ನಿಲ್ಲಿಸಿ ಕೂರುವಂತಿಲ್ಲ. ಮೊದಲು ನೋಟೀಸು ಕೊಡಬೇಕು, ಗಡುವು ಮುಗಿಯುವ ತನಕ ಕಾಯಬೇಕು. ಎರಡನ್ನೂ ಮಾಡಿದೆವು. ಗಡುವು ಮುಗಿಯಿತು ಅನ್ನುವಾಗ ಎರಡೂ ಕಡೆಯವರನ್ನು ಸಂಧಾನಕ್ಕೆ ಕರೆದರು. ಸಂಧಾನ ನಡೆದಿರುವಾಗ ಮುಷ್ಕರ ಹೂಡಿದರೆ ಅದು ಕಾನೂನುಬಾಹಿರ. ಹಾಗಂತ ಸಂಧಾನಕ್ಕೆ ಹೋಗದಿದ್ದರೆ ಮಾತುಕತೆಗೆ ಒಪ್ಪದ ಮೊಂಡರು ಎಂಬ ಹೆಸರು. ಕುರ್ಚಿಯ ಮೇಲೆ ಕೂತು ಚಹಾ ಕುಡಿಯುತ್ತ ಸಂಧಾನವನ್ನು ಎಷ್ಟು ದಿನ ಬೇಕಾದರೂ ಎಳೆಯಬಹುದು. ಮಾತಾಡೋಣ ಬಾ ಎಂದು ಕರೆದು ಬಾಯಿಗೆ ಬಟ್ಟೆ ತುರುಕುವ ಈ ಉಪಾಯ ಕಂಡುಹಿಡಿದವನ ಬುದ್ಧಿಗೆ ಈಗಲೂ ನನಗೆ ಸಿಟ್ಟು ಬರುತ್ತದೆ.

ಶುಕ್ರವಾರ ಸಂಜೆ ಡಿಪೋ ಗೇಟಿನ ಮುಂದೆ ಯೂನಿಯನ್ನಿನ ಕಾರ್ಯದರ್ಶಿ ಸಿಕ್ಕರು. "ನಾಳೆ ಮುಂಜಾನಿಯಿಂದ ಸಂಪು. ಎಲ್ಲಿ ನಿಂತ ಗಾಡಿ ಅಲ್ಲೇ ನಿಲ್ಲಲಿ. ವಸ್ತಿ ಗಾಡಿ ಒಂದೂ ವಾಪಸ್ ಬರಬಾರದು" ಎಂದರು. ನಾನು ಅವರ ಕೈಯಲ್ಲಿ ಕೈಯಿಟ್ಟು ಮಾತು ಕೊಟ್ಟೆ. ಹಿಂದೆ ಕಂಡಕ್ಟರ್ ಟಿಕೆಟ್ಟಿನ ಪೆಟ್ಟಿಗೆ ಹಿಡಿದು ನಿಂತಿದ್ದ. ಅವನನ್ನು ಯಾರೂ ಕೇಳಲಿಲ್ಲ. ಅವನಿಗಾಗಿಯೇ ನಡೆಯುವ ಸಂಪು, ಅವನನ್ನು ಏನು ಕೇಳುವುದು ಎಂದು ಎಲ್ಲರೂ ಅಂದುಕೊಂಡಿದ್ದೆವು.

ಶನಿವಾರ ಬೆಳಿಗ್ಗೆ ಬಸ್ಸು ಗುಡಿಯ ಮುಂದಿನ ಬಯಲಲ್ಲಿ ನಿಂತೇ ಇತ್ತು. ಕಾಲೇಜಿನ ಹುಡುಗರು ಬಂದು ನೋಡಿ ಖುಷಿಯಿಂದ ಮನೆಗೆ ಹೋದರು. ಹಾಲಿನವರು ಸೈಕಲ್ಲಿಗೆ ಕ್ಯಾನು ಕಟ್ಟುತ್ತ ನನ್ನತ್ತ ಒಂದು ನೋಟ ಬೀರಿದರು. ಊಟಕ್ಕೆ ಹೋಗಲು ನನಗೆ ಸಂಕೋಚವಾಯಿತು. ಬಸ್ಸನ್ನೇ ಬಿಡದವನು ರೊಟ್ಟಿಗೆ ಯಾವ ಮುಖ ಹೊತ್ತು ಹೋಗಲಿ? ಹಿರಿಯರ ಹೆಂಡತಿ ತಾವೇ ಬಯಲಿಗೆ ಬಂದರು. "ಸಂಪು ಬಸ್ಸಿಗೆ ಐತಿ, ಹೊಟ್ಟಿಗೇನ ಐತಿ? ಬರ್ರಿ, ಉಣ್ಣಾಕ ಕುಂದರ್ರಿ" ಎಂದರು. ಹೋದೆವು. ಆ ದಿನ ಬೇಲಿ ಮುರಿದಲ್ಲಿ ಮುಳ್ಳು ಹಾಕಿಕೊಟ್ಟೆ, ಕಂಡಕ್ಟರ್ ಅವರ ಮೊಮ್ಮಗಳಿಗೆ ಗಣಿತ ಹೇಳಿಕೊಟ್ಟ. ರಜೆಯಂತೆಯೇ ಇತ್ತು.

ಆದಿತ್ಯವಾರ ಮಧ್ಯಾಹ್ನ ದೊಡವಾಡಕ್ಕೆ ಹೋದವರು ಪೇಪರ್ ತಂದರು. ಮುಷ್ಕರ ಕಾನೂನುಬಾಹಿರ ಎಂದು ಸಾರಿದ್ದರು. ಎಲ್ಲೋ ಪೊಲೀಸ್ ಕಾವಲಿನಲ್ಲಿ ಬಿಟ್ಟ ಬಸ್ಸಿಗೆ ಕಲ್ಲು ಬಿದ್ದು ಗಾಜು ಪುಡಿಯಾಗಿದ್ದ ಫೋಟೋ ಕೂಡ ಇತ್ತು. ಹಿರಿಯರು ಆ ಫೋಟೋವನ್ನು ಬಹಳ ಹೊತ್ತು ನೋಡಿದರು.

"ನಿಂತ ಗಾಡಿಗೆ ಯಾರ ಕಲ್ಲ ಒಗೀತಾರ್ರೀ ಯಜಮಾನ್ರ? ಒಗೆಯೋರು ನಮ್ಮವ್ರ. ಓಡೋ ಗಾಡಿಗೆ ಒಗೀತಾರ" ಎಂದು ನಾನು ನಕ್ಕೆ.

"ಕಲ್ಲಿಗೆ ಏನ್ ಗೊತ್ತ್ರೀ ನಿಂತೈತೋ ಓಡತೈತೋ ಅಂತ?" ಎಂದರು ಅವರು. "ಗಾಡಿ ಕಾಜ ಒಡದ್ರ ನಿಮ್ಮ ಇಲಾಖೆದವ್ರು ಹೊಸಾದು ಹಾಕಸ್ತಾರ. ನಮ್ಮೂರ ಮಾನಕ್ಕ ಕಾಜ ಯಾರ ಹಾಕಸ್ತಾರ?"

ಸಂಜೆಯ ಹೊತ್ತಿಗೆ ಊರಿನ ಚಕ್ಕಡಿಗಳು ಒಂದೊಂದಾಗಿ ಬಂದವು. ಸುಗ್ಗಿ ಮುಗಿದು ಜೋಳದ ಕಣಕಿಯನ್ನು, ಅಂದರೆ ಒಣಗಿದ ದಂಟಿನ ಮೇವನ್ನು, ಹೊಲದಿಂದ ತರುವ ಕಾಲ. ಒಂದೊಂದು ಚಕ್ಕಡಿಯ ಮೇಲೂ ಮಾಳಿಗೆಯೆತ್ತರ ಕಣಕಿ. ಬಸ್ಸಿನ ಸುತ್ತ, ಕಲ್ಲಿಗೆ ಅಡ್ಡವಾಗಿ, ಒಂದರ ಮೂಕಿಮರ ಇನ್ನೊಂದರ ಗಾಲಿಗೆ ತಾಗುವಂತೆ ನಿಲ್ಲಿಸಿ, ಎತ್ತು ಬಿಚ್ಚಿಕೊಂಡು ಹೋದರು. ಹೊರಗಿನಿಂದ ಬಸ್ಸಿನ ಮೇಲ್ಛಾವಣಿ ಮಾತ್ರ ಕಾಣುತ್ತಿತ್ತು. ಊರ ಮಂದಿ ನಮಗೆ ಇಷ್ಟೆಲ್ಲ ಮಾಡುತ್ತಾರಲ್ಲ ಎಂದು ನನಗೆ ಹೆಮ್ಮೆಯೇ ಆಯಿತು. ಮರುದಿನ ಯಾವ ವಾರ ಎಂಬುದು ನನಗೂ ಹೊಳೆಯಲಿಲ್ಲ, ಎತ್ತು ಬಿಚ್ಚಿದವರಿಗೂ ಹೊಳೆಯಲಿಲ್ಲ.

ಊಟಕ್ಕೆ ಕೂತಾಗ ರೇಡಿಯೋದಲ್ಲಿ ವಾರ್ತೆ ಬಂತು. ಮುಷ್ಕರದಲ್ಲಿ ಇರುವ ತರಬೇತಿ ನೌಕರರು ಸೋಮವಾರ ಮಧ್ಯಾಹ್ನದೊಳಗೆ ತಮ್ಮ ಡಿಪೋದಲ್ಲಿ ಹಾಜರಾಗಬೇಕು, ವಾಹನ ಅವರ ವಶದಲ್ಲಿದ್ದರೆ ವಾಹನದೊಂದಿಗೆ ಬರಬೇಕು, ತಪ್ಪಿದರೆ ನೌಕರಿ ಇಲ್ಲ. ಕಾಯಂ ನೌಕರರ ಬಗ್ಗೆ "ಶಿಸ್ತಿನ ಕ್ರಮ" ಎಂದಷ್ಟೇ ಹೇಳಿದರು. ಹಿರಿಯರ ಹೆಂಡತಿ ಕಂಡಕ್ಟರನ ತಾಟಿಗೆ ಇನ್ನೊಂದು ರೊಟ್ಟಿ ಹಾಕಲು ಬಂದವರು ಕೈ ಹಿಂದೆ ತೆಗೆದುಕೊಂಡರು. ಅವನು ಮುರಿದ ತುತ್ತನ್ನು ಪಲ್ಲೆಯಲ್ಲಿ ಅದ್ದುತ್ತಲೇ ಇದ್ದ, ಬಾಯಿಗೆ ಇಡಲಿಲ್ಲ. ಯೂನಿಯನ್ ನೋಡಿಕೊಳ್ಳುತ್ತದೆ ಎಂದೆ. ಅವನು ಹೂಂ ಎಂದ.

ಬೆಳಿಗ್ಗೆ ಎದ್ದು ನೋಡಿದರೆ ಅವನು ಸ್ನಾನ ಮುಗಿಸಿ, ಬಸ್ಸಿನ ಮೆಟ್ಟಿಲ ಮೇಲೆ ಕೂತು, ಎದೆಗೆ ಹಚ್ಚಿಕೊಳ್ಳುವ ಬಿಲ್ಲೆಯನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದ. ಒರೆಸಿ ಜೇಬಿನಲ್ಲಿಟ್ಟುಕೊಂಡ. ಮತ್ತೆ ತೆಗೆದು ಒರೆಸಿದ. ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಬೈದು ಬಿಡುತ್ತಿದ್ದೆ, ಅದು ಸಲೀಸಾಗುತ್ತಿತ್ತು. ಕೇಳದೆ ಕೂತವನನ್ನು ಏನು ಮಾಡುವುದು?

ಅತ್ತ ದರಿ ಇತ್ತ ಪುಲಿ ಎಂಬುದನ್ನು ಸಾಲೆಯಲ್ಲಿ ಬಾಯಿಪಾಠ ಮಾಡಿದ್ದೆ, ಅದರ ಅರ್ಥ ಆ ಬೆಳಿಗ್ಗೆ ಆಯಿತು. ಬಸ್ಸು ಡಿಪೋಗೆ ಒಯ್ದರೆ ನಾನು ಸಂಪು ಒಡೆದವನು. ಕೈಯಲ್ಲಿ ಕೈಯಿಟ್ಟ ಮಾತು, ಇಪ್ಪತ್ತು ವರ್ಷದ ಗೆಳೆಯರು, ಡಿಪೋದ ಚಹಾ ಅಂಗಡಿಯಲ್ಲಿ ಒಂದೇ ಬೆಂಚು ಎಲ್ಲ ಹೋಗುತ್ತದೆ. ಹಿಂದಿನ ಒಂದು ಸಂಪಿನಲ್ಲಿ ಬಸ್ಸು ಬಿಟ್ಟವನೊಬ್ಬನಿದ್ದ. ಅವನ ಮಗಳ ಮದುವೆಗೆ ಡಿಪೋದಿಂದ ಒಬ್ಬರೂ ಹೋಗಲಿಲ್ಲ, ನಾನೂ ಹೋಗಲಿಲ್ಲ. ಬಸ್ಸು ಒಯ್ಯದಿದ್ದರೆ ನನಗೆ ಒಂದು ಆರೋಪಪಟ್ಟಿ, ಸ್ವಲ್ಪ ಸಂಬಳ ಕಡಿತ. ಇವನಿಗೆ ಮಾತ್ರ ಎಲ್ಲವೂ ಮುಗಿಯುತ್ತದೆ. ಬಸ್ಸು ಬಿಟ್ಟು ಒಬ್ಬನೇ ಹೋಗೆಂದರೆ, ವಶದಲ್ಲಿದ್ದ ವಾಹನ ಎಲ್ಲಿ ಎಂದು ಗೇಟಿನಲ್ಲೇ ಹಿಡಿಯುತ್ತಾರೆ. ಅವನಿಗೋ ಬಸ್ಸು ಓಡಿಸಲು ಬಾರದು.

ಅವನಿಗಾಗಿ ಕೂಗಿದ ಗಂಟಲಿನಿಂದಲೇ ಅವನನ್ನು ನುಂಗುವುದು ನನ್ನಿಂದಾಗಲಿಲ್ಲ. ಹಿರಿಯರ ಮನೆಗೆ ಹೋದೆ. "ಚಕ್ಕಡಿ ಸರಸ್ರಿ ಯಜಮಾನ್ರ, ನಾವು ಹೊಂಟೇವಿ" ಎಂದೆ.

ಅವರು ದನದ ಮನೆಯ ಬಾಗಿಲಲ್ಲಿ ನಿಂತಿದ್ದರು. ಒಳಗೆ ಆ ಹೆಸರಾದ ಜೋಡಿ, ಮೈತೊಳೆದು ಹಣೆಗೆ ವಿಭೂತಿ ಹಚ್ಚಿಸಿಕೊಂಡು ನಿಂತಿತ್ತು. ಅವರ ಮುಖ ಬಿಳುಚಿತು.

"ಇವತ್ತ ಸ್ವಾಮಾರರೀ" ಎಂದರು.

ಸೋಮವಾರ ಬಸವಣ್ಣನ ದಿನ. ಆ ಊರಿನಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಬಿತ್ತನೆಯ ಹದ ಹೋಗುತ್ತಿದ್ದರೂ ಇಡುವುದಿಲ್ಲ, ಮನೆಯಲ್ಲಿ ಹೆಣ್ಣುಮಗಳಿಗೆ ಹೆರಿಗೆ ನೋವು ಬಂದರೂ ಮಂಚ ಹೊತ್ತು ಒಯ್ದಾರು, ಎತ್ತು ಹೂಡುವುದಿಲ್ಲ. ಇಷ್ಟು ವರ್ಷ ಅಲ್ಲಿ ಉಂಡ ನನಗೆ ಅದು ಚೆನ್ನಾಗಿ ಗೊತ್ತಿತ್ತು. ನನಗೆ ನಗು ಬಂತೋ ಅಳು ಬಂತೋ. ನೋಟೀಸು ಕೊಡದೆ, ಗಡುವು ಕಾಯದೆ, ಸಂಧಾನಕ್ಕೆ ಕೂರದೆ ವಾರಕ್ಕೊಮ್ಮೆ ಎತ್ತು ಸಂಪು ಮಾಡುತ್ತದೆ. ಅದನ್ನು ಕಾನೂನುಬಾಹಿರ ಎನ್ನುವ ಎದೆಗಾರಿಕೆ ಯಾವ ಸರ್ಕಾರಕ್ಕೂ ಇಲ್ಲ.

ಬಯಲಿನಲ್ಲಿ ಊರು ಸೇರಿತು. ಟ್ರ್ಯಾಕ್ಟರುಗಳೆಲ್ಲ ಕಬ್ಬು ಹೇರಿಕೊಂಡು ಸಕ್ಕರೆ ಕಾರ್ಖಾನೆಯ ಮುಂದೆ ಸರದಿಯಲ್ಲಿ ನಿಂತಿದ್ದವು, ಊರಿನಲ್ಲಿ ಒಂದೂ ಇರಲಿಲ್ಲ. "ಕೋಣಕ್ಕ ಸ್ವಾಮಾರ ಇಲ್ಲ, ಕೋಣ ಹೂಡೂಣು" ಎಂದ ಒಬ್ಬ. ಕೋಣ ತಂದರು. ಜನ್ಮದಲ್ಲಿ ನೊಗ ಕಾಣದ ಅದು ಇಬ್ಬರನ್ನು ಕೆಡವಿ ಕಣಕಿ ಮೇಯುತ್ತ ನಿಂತಿತು. ಕೆಲವರು ನಕ್ಕರು. ನನಗೆ ಮೈಯೆಲ್ಲ ಉರಿಯಿತು. "ನಿಮಗ ಯಾರ್ ಹೇಳಿದ್ರು ಚಕ್ಕಡಿ ಹಚ್ಚಾಕ? ನಾ ಹೇಳಿದ್ನ್ಯಾ? ಒಬ್ಬನ ಮನಿ ಹಾಳಾಗಾಕ ಹತ್ತೈತಿ, ನೀವು ಕೋಣದ ಕೂಡ ಆಡಾಕ ಹತ್ತೀರಿ" ಎಂದು ಒದರಿಬಿಟ್ಟೆ. ಬಿಸಿಲು ಏರುತ್ತಿತ್ತು. ಕಂಡಕ್ಟರ್ ಬಸ್ಸಿನೊಳಗೆ ತನ್ನ ಸೀಟಿನಲ್ಲಿ ಕೂತಿದ್ದ. ಕಣಕಿಯ ಗೋಡೆಯಿಂದ ಅವನ ಕಿಟಕಿಯಲ್ಲಿ ಬೆಳಕೇ ಇರಲಿಲ್ಲ.

ಹಿರಿಯರು ತಲೆಯ ರುಮಾಲು ಬಿಚ್ಚಿ, ಮಡಚಿ, ಹೆಗಲ ಮೇಲೆ ಹಾಕಿಕೊಂಡರು. ಹೋಗಿ ಮುಂದಿನ ಚಕ್ಕಡಿಯ ನೊಗ ಎತ್ತಿ ಆ ಹೆಗಲಿಗೆ ಇಟ್ಟುಕೊಂಡರು.

"ಬಸವಣ್ಣಗ ಸ್ವಾಮಾರ ಐತಿ. ನಮ್ಮ ಹೆಗಲಿಗೆ ಯಾವ ವಾರ ಐತಿ? ಬರ್ರಿ, ಕೈ ಹಚ್ಚರಿ" ಎಂದರು.

ಆ ವಯಸ್ಸಿನ ಮನುಷ್ಯ ನೊಗದ ಕೆಳಗೆ ಬಗ್ಗಿದ್ದನ್ನು ನೋಡಿ ಅವರ ತಮ್ಮ ಇನ್ನೊಂದು ಬದಿಗೆ ಹೆಗಲು ಕೊಟ್ಟರು. ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತು ಕಣಕಿಯ ಸೂಡು ಇಳಿಸಿದರು. ನಾನೂ ಗಾಲಿ ತಳ್ಳಿದೆ. ಭೂಮಿಯಲ್ಲಿ ಹೂತ ಗಾಲಿ ಏಳಲೊಲ್ಲದು. ಎದ್ದರೆ ಇನ್ನೊಂದರ ಮೂಕಿಗೆ ಸಿಕ್ಕಿಕೊಳ್ಳುತ್ತಿತ್ತು. ಹಿರಿಯರ ಹೆಗಲಿನ ರುಮಾಲಿನ ಮೇಲೆ ರಕ್ತ ಕಂಡಿತು. ಬಿಡ್ರಿ ಯಜಮಾನ್ರ ಎಂದರೆ ಕೇಳಲಿಲ್ಲ. ಕೊನೆಗೆ ದೊಡವಾಡದ ರಸ್ತೆಯ ಕಡೆ ಬಸ್ಸಿನಷ್ಟು ಅಗಲದ ದಾರಿ ಬಿಟ್ಟುಕೊಂಡಿತು. ಮಧ್ಯಾಹ್ನಕ್ಕೆ ಇನ್ನೂ ಹೊತ್ತಿತ್ತು. ಬೈಲಹೊಂಗಲ ಮುಟ್ಟಲು ಸಾಕಷ್ಟಾಗಿತ್ತು.

ನಾನು ನನ್ನ ಸೀಟು ಹತ್ತಿ ಬಸ್ಸು ಚಾಲೂ ಮಾಡಿದೆ. ಎರಡು ದಿನ ನಿಂತ ಎಂಜಿನ್ನು ಕೆಮ್ಮಿ, ಹೊಗೆ ಬಿಟ್ಟು, ಹಿಡಿಯಿತು. ಊರವರು ಎರಡೂ ಬದಿ ಸಾಲಾಗಿ ನಿಂತರು. ಗೇರ್ ಹಾಕಿ, ಕ್ಲಚ್ಚಿನ ಮೇಲೆ ಕಾಲಿಟ್ಟು, ಗಂಟೆಗೆ ಕಾದೆ.

ಗಂಟೆ ಬಾರಿಸಿತು. ಒಂದು.

ಒಂದಾದ ಮೇಲೆ ಇನ್ನೊಂದು ಬರುತ್ತದೆಂದು ಕಿವಿ ಕಾಯಿತು. ಬರಲಿಲ್ಲ. ತಿರುಗಿ ನೋಡಿದೆ. ಅವನು ಬಾಗಿಲ ಹತ್ತಿರ ನಿಂತು ಹಗ್ಗದಿಂದ ಕೈ ತೆಗೆದಿದ್ದ.

"ಬಂದ್ ಮಾಡ್ರಿ ಅಣ್ಣಾರ" ಎಂದ.

"ಏನ್ ಬಂದ್ ಮಾಡ್ರಿ? ಗಂಟಿ ಹೊಡಿ. ಹೊತ್ತ ಆಗಾಕ ಹತ್ತೈತಿ."

"ನೀವು ಗೇಟಿನಾಗ ಹಾಯ್ದ್ರ, ನಾಳೆ ನಿಮ್ಮ ಸಂಗಾಟ ಯಾರ್ ಚಾ ಕುಡೀತಾರ್ರೀ?"

"ಅದ ನನ್ನ ಹಣೇಬರಹ. ನಿನಗ್ಯಾಕ ಬೇಕು? ನೌಕರಿ ಹೋಗತೈತಿ, ತಿಳೀತೈತೋ ಇಲ್ಲೋ?"

"ತಿಳೀತೈತ್ರಿ" ಎಂದ. "ಇವತ್ತ ನಾ ಹೋಗಿ ಸೇರಿಕೊಂಡ್ರ, ಉಳಿದ ಟ್ರೇನಿಗೋಳು ಏನ್ ಮಾಡಬೇಕ್ರಿ? ಅವ್ರಿಗೆ ಯಾ ಊರ ಮಂದಿ ಚಕ್ಕಡಿ ಎಳೀತಾರ?"

ನಾನು ಕೆಟ್ಟ ಕೆಟ್ಟ ಮಾತು ಬೈದೆ. ಈಗ ಬರೆಯಲಾರೆ. ಅವನು ಕೇಳಿಸಿಕೊಂಡ. ಆಮೇಲೆ ಮೆಟ್ಟಿಲಿಳಿದು ಹೋಗಿ ಗುಡಿಯ ಕಟ್ಟೆಯ ಮೇಲೆ ಕೂತ. ಅವನಿಲ್ಲದೆ ಬಸ್ಸು ಒಯ್ದು ನಾನೇನು ಮಾಡಲಿ? ಉಳಿಸಬೇಕಾಗಿದ್ದದ್ದು ಬಸ್ಸನ್ನಲ್ಲ. ದಾರಿ ತೆರೆದಿತ್ತು, ಎಂಜಿನ್ನು ಓಡುತ್ತಿತ್ತು, ಚಕ್ಕಡಿಗಳ ನಡುವೆ ಸಿಕ್ಕಿಕೊಂಡಿದ್ದಾಗಲೂ ಆಗದಷ್ಟು ಉಸಿರುಗಟ್ಟಿತು. ಡೀಸೆಲ್ಲು ವ್ಯರ್ಥವಾಗುತ್ತದೆ ಎಂದು ಯಾರೋ ಹೇಳಿದ ಮೇಲೆ ಬಂದ್ ಮಾಡಿದೆ.

ಸಂಪು ಆ ವಾರವೇ ಮುಗಿಯಿತು. ಒಪ್ಪಂದವಾಯಿತು. ಕಾಯಂ ನೌಕರರ ಮೇಲೆ ಕ್ರಮ ಇಲ್ಲ ಎಂದು ಬರೆದರು. ತರಬೇತಿಯವರ ವಿಷಯವನ್ನು "ಸಹಾನುಭೂತಿಯಿಂದ ಪರಿಶೀಲಿಸಲಾಗುವುದು" ಎಂದು ಬರೆದರು. ಬಸ್ಸು ಡಿಪೋಗೆ ತಂದ ದಿನ ಗೇಟಿನಲ್ಲಿ ನನಗೆ ಹಾರ ಹಾಕಿದರು. ಕೊನೆಯವರೆಗೂ ಕದಲದ ವಸ್ತಿ ಗಾಡಿಯ ಡ್ರೈವರ್ ಎಂದು ಹೆಗಲ ಮೇಲೆ ಎತ್ತಿದರು. "ಇಳಸ್ರಿ, ನಾ ಹೊಂಟ ನಿಂತಿದ್ದೆ, ಎರಡನೇ ಗಂಟಿ ಹೊಡೀದಾಂವ ಆಂವ" ಎಂದು ಮೇಲಿನಿಂದ ಒದರಿದೆ. ಡ್ರೈವರ್ ಸಾಹೇಬ್ರದು ದೊಡ್ಡ ಗುಣ ಎಂದು ಇನ್ನಷ್ಟು ಚಪ್ಪಾಳೆ ತಟ್ಟಿದರು. ಅವನು ಆ ಹೊತ್ತು ಡಿಪೋದ ಒಳಗೆ ಬಿಲ್ಲೆ, ಟಿಕೆಟ್ಟಿನ ಪೆಟ್ಟಿಗೆ ಒಪ್ಪಿಸುತ್ತಿದ್ದ.

ಮುಂದಿನ ಸಂಗತಿ ಆ ಹಳ್ಳಿಯವರದು. ಹಿರಿಯರು ಬೈಲಹೊಂಗಲಕ್ಕೆ ಬಂದು, ಅವನ ಬಾಡಿಗೆ ಕೋಣೆ ಹುಡುಕಿ, ಸಂಸಾರವನ್ನು ಊರಿಗೆ ಕರೆದೊಯ್ದರು. ಮುಚ್ಚಿದ್ದ ಸೊಸೈಟಿಯ ಹಿಟ್ಟಿನ ಗಿರಣಿಯನ್ನು ಅವನ ಕೈಗೆ ಕೊಟ್ಟರು. ಸಂಜೆ ನನ್ನ ಬಸ್ಸು ಬಯಲಿಗೆ ಬಂದು ನಿಂತಾಗ ಗಿರಣಿಯ ಸದ್ದು ಕೇಳುತ್ತಿತ್ತು. ಹುಬ್ಬು, ರೆಪ್ಪೆಯೆಲ್ಲ ಹಿಟ್ಟಾಗಿ ಅವನು ಬಾಗಿಲಲ್ಲಿ ನಿಂತು, "ಬಂದ್ರ್ಯಾ ಅಣ್ಣಾರ" ಎನ್ನುತ್ತಿದ್ದ. ನನ್ನ ಸಂಗಡ ಹೊಸ ಕಂಡಕ್ಟರ್ ಇಳಿಯುತ್ತಿದ್ದ. ವಸ್ತಿ ಬದಲಿಸಿ ಕೊಡಿ ಎಂದು ಎರಡು ಸಲ ಅರ್ಜಿ ಬರೆದೆ, ಎರಡು ಸಲವೂ ಹರಿದು ಹಾಕಿದೆ. ಆ ಊರಿಗೆ ಹೋಗುವುದು ಹಿಂಸೆ, ಹೋಗದಿರುವುದು ಇನ್ನೂ ದೊಡ್ಡ ಹಿಂಸೆ.

ಯೂನಿಯನ್ ಅವನ ಪರವಾಗಿ ಕೇಸು ಹಾಕಿತು. ಅದು ಎಳೆದು ಎಳೆದು ಎರಡು ಸಾವಿರದ ಇಸವಿ ದಾಟಿದ ಮೇಲೆ ಹುಬ್ಬಳ್ಳಿಯ ಕಾರ್ಮಿಕ ನ್ಯಾಯಾಲಯದಲ್ಲಿ ಸಾಕ್ಷಿಗೆ ಬಂತು. ನಮ್ಮ ವಕೀಲರು ಬುದ್ಧಿವಂತರು. ಮುಷ್ಕರ ಕಾನೂನುಬಾಹಿರವೇ ಆಗಿರಲಿ, ಇವನು ಮುಷ್ಕರದಲ್ಲಿ ಇರಲೇ ಇಲ್ಲ, ಚಕ್ಕಡಿಗಳ ನಡುವೆ ಸಿಕ್ಕಿಹಾಕಿಕೊಂಡಿದ್ದ ಎಂಬುದು ಅವರ ವಾದ. "ಸುತ್ತ ಚಕ್ಕಡಿ ಇದ್ದವು. ಸೋಮವಾರ ಎತ್ತು ಹೂಡಲಿಲ್ಲ. ಬಸ್ಸು ಹೊರಡಲಾಗಲಿಲ್ಲ. ಅಷ್ಟಕ್ಕೆ ನಿಲ್ಲಿಸಿ, ಮುಂದಿನದು ಯಾರೂ ಹೇಳಬೇಡಿ" ಎಂದು ನಮ್ಮ ಮೂವರನ್ನೂ ಕೂರಿಸಿಕೊಂಡು ಪಾಠ ಮಾಡಿದರು. ಹಿರಿಯರು ಸೋಮವಾರದ ಪದ್ಧತಿಗೆ ಸಾಕ್ಷಿ, ನಾನು ಚಕ್ಕಡಿಗಳಿಗೆ ಸಾಕ್ಷಿ. ಅವನು ಸಿಕ್ಕಿಕೊಂಡಿದ್ದ ಎಂದರೆ ಬಿಡುಗಡೆ, ಸ್ವತಂತ್ರವಾಗಿದ್ದ ಎಂದರೆ ಶಿಕ್ಷೆ. ಕಾನೂನಿನ ಈ ತರ್ಕ ನನಗೆ ಪೂರ್ತಿ ತಿಳಿಯಲಿಲ್ಲ. ಸುಳ್ಳು ಹೇಳಲು ಮಾತ್ರ ಪೂರ್ತಿ ತಯಾರಾಗಿದ್ದೆ. ಹಿರಿಯರೂ ತಯಾರಾಗಿದ್ದರು. "ಊರ ಮ್ಯಾಲ ಏನರ ಕೇಸ್ ಬಂದ್ರ ಬರಲಿ, ನನ್ನ ಮ್ಯಾಲ ಹಾಕ್ರಿ" ಎಂದರು.

ಮೊದಲು ಅವನನ್ನು ಕರೆದರು. ನಮ್ಮ ವಕೀಲರು ಕೇಳಿದ್ದಕ್ಕೆಲ್ಲ ಸರಿಯಾಗಿಯೇ ಹೇಳಿದ. ಚಕ್ಕಡಿ ಇದ್ದವು, ಸೋಮವಾರ, ಎತ್ತು ಹೂಡಲಿಲ್ಲ. ಆಮೇಲೆ ಎದುರಿನ ವಕೀಲರು ಎದ್ದರು.

"ಆ ಸೋಮವಾರ ಮಧ್ಯಾಹ್ನದವರೆಗೂ ಬಸ್ಸಿಗೆ ದಾರಿ ಇರಲೇ ಇಲ್ಲವೋ?"

ಅವನು ಬಾಗಿಲ ಕಡೆ ನೋಡಿದ. ಬಾಗಿಲಾಚೆ ಬೆಂಚಿನ ಮೇಲೆ ನಾನು, ನನ್ನ ಪಕ್ಕ ಹಿರಿಯರು ಕೂತಿದ್ದೆವು.

"ಇತ್ತರೀ" ಎಂದ. "ಊರ ಮಂದಿ ಹೆಗಲ ಕೊಟ್ಟ ಚಕ್ಕಡಿ ಸರಿಸಿದ್ರು."

"ಡ್ರೈವರ್ ಬಸ್ಸು ತರಲು ಒಪ್ಪಲಿಲ್ಲವೋ?"

"ಒಪ್ಪಿದ್ರಿ. ಗಾಡಿ ಚಾಲೂ ಮಾಡಿ ಕುಂತಿದ್ರಿ."

"ಮತ್ತೆ?"

"ಎರಡನೇ ಗಂಟಿ ನಾ ಹೊಡೀಲಿಲ್ರಿ."

ಬೆರಳಚ್ಚುಗಾರರು ಅದನ್ನು ಟೈಪ್ ಮಾಡಿಕೊಂಡರು. ನಮ್ಮ ವಕೀಲರು ಕಡತ ಮುಚ್ಚಿದರು. ನಮ್ಮಿಬ್ಬರ ಸಾಕ್ಷಿ ಬೇಕಾಗಲಿಲ್ಲ. ನಾನು ಡಿಪೋ ಗೇಟಿನಲ್ಲಿ ಒದರಿ ಹೇಳಿದರೂ ಯಾರೂ ನಂಬದ ಮಾತು ಅಂದು ಕೋರ್ಟಿನ ಕಾಗದಕ್ಕೆ ಹತ್ತಿತು, ಅವನ ನೌಕರಿ ಅದೇ ಕಾಗದದಲ್ಲಿ ಮುಗಿಯಿತು.

ಹೊರಗೆ ಬೇವಿನ ಮರದ ಕೆಳಗೆ ನಾನು ಅವನ ತೋಳು ಹಿಡಿದೆ. ಹಿರಿಯರು ನೀರು ಕುಡಿಯಲು ನಳದ ಕಡೆ ಹೋಗಿದ್ದರು. "ಒಂದ ಮಾತು. ಒಂದ ಸುಳ್ಳು ಹೇಳಾಕ ಏನಾಗಿತ್ತೋ ನಿನಗ?" ಎಂದೆ.

ಅವನು ನಳದ ಕಡೆ ನೋಡಿದ. ಹಿರಿಯರು ಬೊಗಸೆಯೊಡ್ಡಿ ಬಗ್ಗಿ ನಿಂತಿದ್ದರು. ಅಂಗಿಯ ಕೊರಳು ಸರಿದಲ್ಲಿ, ಹೆಗಲ ಮೇಲೆ, ಎತ್ತಿಗೆ ಇರುವಂಥ ಒಂದು ಗಡ್ಡೆ ಕಾಣುತ್ತಿತ್ತು. ಆ ಸೋಮವಾರದ್ದು. ಇಷ್ಟು ವರ್ಷವಾದರೂ ಕರಗಿರಲಿಲ್ಲ.

"ಆ ಹೆಗಲ ನೊಗ ಹೊತ್ತೈತ್ರಿ ಅಣ್ಣಾರ" ಎಂದ. "ಹೊತ್ತಿಲ್ಲ ಅನ್ನಲೇನ್ರಿ ನಾ?"

ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ. ಜೀವಮಾನವಿಡೀ ಆ ಊರಿನಲ್ಲಿ ಉಂಡವನು ನಾನು, ನನಗೆ ಅದು ಹೊಳೆದಿರಲಿಲ್ಲ. ಅವನ ತೋಳು ಬಿಟ್ಟೆ.

ಧಾರವಾಡಕ್ಕೆ ಬಂದು, ದೊಡವಾಡದ ಮೇಲೆ ಹಾಯ್ದು ಬೈಲಹೊಂಗಲಕ್ಕೆ ಹೋಗುವ ಬಸ್ಸು ಹಿಡಿದೆವು. ಕಂಡಕ್ಟರ್ ಬೇರೆ ಡಿಪೋದ ಹುಡುಗ. ನಾನು ಗುರುತಿನ ಚೀಟಿ ತೋರಿಸಿದೆ. ನೌಕರರಿಗೆ ಟಿಕೆಟ್ಟಿಲ್ಲ. ಅವನು ತಲೆಯಾಡಿಸಿ, ನನ್ನ ಪಕ್ಕ ಕೂತವನ ಕಡೆ ತಿರುಗಿದ.

"ಇಂವನೂ ನಮ್ಮಾಂವನ" ಎಂದೆ ನಾನು.

"ಸ್ಟಾಫ್ ಏನ್ರಿ?" ಎಂದು ಹುಡುಗ ಅವನನ್ನೇ ಕೇಳಿದ.

"ಅಲ್ರಿ" ಎಂದು ಅವನು ಜೇಬಿಗೆ ಕೈ ಹಾಕಿದ. ಕಿಟಕಿಯ ಹತ್ತಿರ ನಿದ್ದೆ ಹೋದ ಹಿರಿಯರನ್ನು ತೋರಿಸಿದ. "ದೊಡವಾಡ ಎರಡ ಕೊಡ್ರಿ."

ಹುಡುಗ ಟಿಕೆಟ್ಟು ಹರಿದು ಕೊಟ್ಟು, ಕೈ ಮೇಲೆತ್ತಿ ಹಗ್ಗ ಎಳೆದ. ಗಂಟೆ ಎರಡು ಸಲ ಬಾರಿಸಿತು, ಬಸ್ಸು ಹೊರಟಿತು.